ಕಂದೀಲು ತರುವಷ್ಟು ಹೊತ್ತು

ಆ ಬಾವಿಯಿಂದ ಕಾಕಾ ಅವರ ಮನೆಗೆ ನಡೆದು ಹೋಗಿ ಬರಲು ಹದಿನಾಲ್ಕು ನಿಮಿಷ ಸಾಕು. ಆಮೇಲೆ ಮೂರು ಸಲ ನಡೆದು ನೋಡಿದ್ದೇನೆ.

ಕಮಲಾಪುರದ ಆಚೆ, ಕೆಂಪು ಬಾಳೆಯ ತೋಟಗಳ ನಡುವಿನ ಹಳೆಯ ಬಾವಿ. ಅದರ ಹೂಳು ತೆಗೆಸುವುದು ನಾಲ್ಕು ಸ್ವಯಂಸೇವಾ ಸಂಸ್ಥೆಗಳು ಸೇರಿ ಹಿಡಿದ ಕೆಲಸ. ಮೊದಲು ಒಂದೇ ಊರಿಗೆ ಎರಡೆರಡು ಸಂಸ್ಥೆಯವರು ಹೋಗುತ್ತಿದ್ದೆವು, ಪಕ್ಕದ ಊರಿಗೆ ಯಾರೂ ಇಲ್ಲ. ಹಣದ ನೆರವು ಕೊಡುವವರೇ ನಮ್ಮನ್ನೆಲ್ಲ ಕಲಬುರಗಿಯಲ್ಲಿ ಒಂದು ಮೇಜಿನ ಸುತ್ತ ಕೂರಿಸಿ, ಇನ್ನು ನೆಟ್‌ವರ್ಕ್ ಆಗಿ ದುಡಿಯಿರಿ ಎಂದರು. ಒಳ್ಳೆಯ ಮಾತೇ. ಈಗಲೂ ಹಾಗೇ ಅನ್ನಿಸುತ್ತದೆ.

ನಾನು ಸಂಯೋಜಕ. ಯಾರಿಗೆ ಯಾವ ಕೆಲಸ ಎಂಬ ಹಾಳೆ ಬರೆದವನು. 'ಬಾವಿಯೊಳಗಿನ ಗಾಳಿ ಪರೀಕ್ಷೆ' ಎಂಬ ಸಾಲಿನ ಮುಂದೆ ಎರಡು ಸಂಸ್ಥೆಗಳ ಹೆಸರು ಹಾಕಿದೆ. ಒಬ್ಬರು ತಪ್ಪಿದರೆ ಇನ್ನೊಬ್ಬರಿರುತ್ತಾರೆ ಎಂಬ ಧೈರ್ಯ. ಬಾವಿಗಳಿಗೆ ಇಳಿಯುತ್ತಲೇ ತಲೆ ಬೆಳ್ಳಗಾದ ಕಾಕಾರನ್ನು ಮಾತ್ರ ಯಾವ ಸಭೆಗೂ ಕರೆದಿರಲಿಲ್ಲ. ಹಾಳೆಯಲ್ಲಿ ಅವರಿಗೆ ಹೆಸರಿಲ್ಲ, 'ಆಳುಗಳು' ಎಂದಿತ್ತು.

ಆ ಬೆಳಿಗ್ಗೆ ನೆರವು ಕೊಡುವವರ ಕಾರು ಕಲಬುರಗಿ ಬಿಟ್ಟಿತ್ತು. ಅವರು ಬರುವಷ್ಟರಲ್ಲಿ ಕೆಲಸ ನಡೆಯುತ್ತಿರಬೇಕು ಎಂಬುದು ನನ್ನ ಆತುರ.

"ತಡೀರಿ ಸರ," ಎಂದರು ಕಾಕಾ. "ಕಂದೀಲು ಮನ್ಯಾಗ ಉಳದದ. ಮೊದಲ ಅದನ್ನ ಇಳಿಬಿಡಬೇಕು. ಅದು ಆರಿತಂದ್ರ ಒಳಗ ಕೆಟ್ಟ ಗಾಳಿ ಅದ ಅಂತ, ಮನಷಾ ಇಳಿಬಾರದು."

ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದ ಅವರ ಅಳಿಯ ನಕ್ಕ. "ಮಾಮಾ, ನಿಮಗ ಅತ್ತಿಗಿಂತ ಆ ಕಂದೀಲ ಮ್ಯಾಲೇ ಜೀವ ಜಾಸ್ತಿ ನೋಡ್ರಿ."

"ನಿಮ್ಮತ್ತಿ ನನ್ನ ಜೀವ ತಿಂದಾಳ, ಇದು ಉಳಿಸ್ಯದ. ಸುಮ್ನಿರು."

ನಾನು ಫೋನಿನಲ್ಲಿ ಹಾಳೆ ತೆಗೆದೆ. "ಕಾಕಾ, ಪರೀಕ್ಷೆ ಆಗ್ಯದ ರೀ. ಒಬ್ಬರಲ್ಲ, ಎರಡು ಸಂಸ್ಥಾದವರು ನೋಡ್ಯಾರ. ಶುರು ಮಾಡ್ರಿ."

ನೋಡಿದ್ದಾರೆ ಎಂದು ಹಾಳೆಯಲ್ಲಿ ಇರಲಿಲ್ಲ. ಹೆಸರುಗಳಷ್ಟೇ ಇದ್ದವು. ಕಾಕಾ ನನ್ನ ಮುಖ ನೋಡಿ, ಹಗ್ಗ ಹಿಡಿದರು. ಅಳಿಯ ಇಳಿದ.

ಅಳಿಯ ಕೆಳಗಿನಿಂದ ಕೂಗಿದ: "ರಾಡಿ ಭಾಳ ಅದ ಮಾಮಾ, ಬುಟ್ಟಿ..." ಅಷ್ಟೇ. ಕೆಸರಿನಲ್ಲಿ ಏನೋ ಬಿದ್ದ ಸದ್ದು.

ನಾನು ಗೋಡೆಯಿಂದ ಚಾಚಿದ್ದ ಕಲ್ಲು ಮೆಟ್ಟಿಲುಗಳ ಮೇಲೆ ಇಳಿಯತೊಡಗಿದ್ದೆ. ಎರಡು ಮೆಟ್ಟಿಲು ಇಳಿದಿದ್ದೆ ಅಷ್ಟೇ. ಕಾಕಾ ಅಂಗಿಯ ಕಾಲರ್ ಹಿಡಿದು ಮೇಲೆಳೆದರು.

"ನೀವೂ ಹೆಣ ಆಗ್ತೀರೇನು? ಹಗ್ಗ ಎಳೀರಿ!"

ಹಗ್ಗ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಕಾಕಾರ ಕೂಗು ಕೇಳಿ ಬಾಳೆ ತೋಟದಲ್ಲಿದ್ದವರು ಓಡಿ ಬಂದರು. ಎಲ್ಲರೂ ಸೇರಿ ಎಳೆದೆವು. ಮೇಲೆ ಬಂದವನ ಬಾಯಿ, ಮೂಗು ತುಂಬ ಕೆಸರು. ಆಗಲೇ ಬಂದು ನಿಂತ ನೆರವು ಕೊಡುವವರ ಕಾರಿನಲ್ಲಿ ಅವನನ್ನು ಮಲಗಿಸಿ ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಆ ಎರಡೂ ಸಂಸ್ಥೆಗಳಿಗೆ ಫೋನ್ ಮಾಡಿದೆ. ಇಬ್ಬರೂ ಒಂದೇ ಮಾತು ಕೇಳಿದರು: "ಯಾಕ್ರೀ, ಅವರು ಮಾಡಿಲ್ಲೇನು?"

ಅವನು ಬದುಕಿದ. ಆದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ, ಕೈ ನಡುಗುತ್ತದೆ. ಮತ್ತೆ ಯಾವ ಕೆಲಸಕ್ಕೂ ಹೋಗಿಲ್ಲ.

ಮುಂದಿನ ಸಭೆಯಲ್ಲಿ ಹೊಸ ನಿಯಮ ಮಾಡಿದೆವು: ಒಂದು ಕೆಲಸದ ಮುಂದೆ ಒಂದೇ ಹೆಸರು, ಬಾವಿಗೆ ಇಳಿಯುವವರೂ ಸಭೆಯಲ್ಲಿ ಕೂರಬೇಕು. ಕಾಕಾರನ್ನು ಕರೆಯಲು ನಾನೇ ಹೋದೆ.

"ಸಭಾದಾಗ ಕುಂತು ನಾ ಏನ್ ಮಾಡ್ಲಿ ಸರ?" ಎಂದರು. "ಅವತ್ತ ತಡೀರಿ ಅಂದಿದ್ದೆ."

ಬಾಗಿಲ ಬಳಿ ಮೊಳೆಗೆ ಕಂದೀಲು ತೂಗುತ್ತಿತ್ತು. ಒಳಗೆ ಕೂತಿದ್ದ ಅಳಿಯ ನನ್ನನ್ನು ಗುರುತಿಸಿ, "ಸರ, ಚಾ..." ಎಂದ, ಮಾತು ಅಲ್ಲಿಗೇ ನಿಂತಿತು. ತುಟಿಗಳು ಅಲುಗುತ್ತಿದ್ದವು. ಅವನ ಹೆಂಡತಿ ಮಾತು ಮುಗಿಸಿಕೊಡಲಿಲ್ಲ, ಕಾಕಾ ಅವಸರ ಮಾಡಲಿಲ್ಲ. ನಾನೂ ಕಾಯುತ್ತ ನಿಂತೆ.