ಹಲಗೆಯ ಮೇಲೆ ಉಳಿದ ಪೇರಲಹಣ್ಣು

ಹದಿಮೂರು ಪೇರಲಹಣ್ಣು, ನಾಲ್ಕು ಮಕ್ಕಳು. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, ಸಮನಾಗಿ ಹಂಚಲು ಶಾಹೀನಳನ್ನು ಕರೆದೆ. ಬಸವಕಲ್ಯಾಣದ ಹತ್ತಿರ ಕೊಹಿನೂರಿನಲ್ಲಿ ನಾನು ಕಲಿಸುವ ಶಾಲೆಗೆ ಸೇರಿದಾಗಿನಿಂದ ಅವಳು ತರಗತಿಯಲ್ಲಿ ಬಾಯಿ ತೆರೆದವಳಲ್ಲ. ಎದ್ದು ಬಂದು, ಒಂದೊಂದು ಮಗುವಿನಿಂದ ಮೂರು ಮೂರು ಹಣ್ಣುಗಳಿಗೆ ಗೆರೆ ಎಳೆದಳು. ಒಂದು ಉಳಿಯಿತು. ‘ಶೇಷ’ ಎಂಬ ಪದ ಹೇಳಿಕೊಡಲು ನಾನು ಕಾಯುತ್ತಿದ್ದೆ. ಅವಳು ಆ ಹಣ್ಣನ್ನು ದಿಟ್ಟಿಸಿ ನೋಡಿ, ಅಂಗೈಯಿಂದ ಒರೆಸಿಬಿಟ್ಟಳು.

“ಯಾಕವ್ವ, ಅಳಿಸಿದಿ?” ಎಂದೆ.

“ಅದು ಕೊಳತಿತ್ತರಿ ಟೀಚರ್. ತಿಂದ್ರ ಹುಡುಗ್ರ ಹೊಟ್ಟಿ ಕೆಡ್ತದ!”

ತರಗತಿಯೆಲ್ಲ ಗೊಳ್ಳೆಂದಿತು. ಶಾಹೀನಳೂ ಬಾಯಿ ತುಂಬ ನಕ್ಕಳು.

ಈಗ ಅವಳ ಮಾತು ನಿಲ್ಲಿಸುವುದೇ ನನಗೆ ದೊಡ್ಡ ಕೆಲಸ. ಶೇಷವನ್ನು ಮಾತ್ರ ಇನ್ನೂ ಕಲಿಸಲಾಗಿಲ್ಲ. ಹಲಗೆಯ ಮೇಲೆ ಒಂದು ಹಣ್ಣು ಉಳಿದರೆ ಸಾಕು, ಒರೆಸಲು ಇಡೀ ತರಗತಿಯೇ ಓಡಿ ಬರುತ್ತದೆ.