ಧಾರೆ ಸೀರೆಯ ಬದಲಿಗೆ

ಅತ್ತಿಗೆ, ನಿಮ್ಮ ಧಾರೆ ಸೀರೆಗೆ ಹುಳ ಬಿದ್ದಿರಲಿಲ್ಲ. ಅದು ಚೆನ್ನಾಗಿಯೇ ಇತ್ತು. ಹಳೇ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುತ್ತಿದ್ದ ಹೆಂಗಸಿನ ಗಂಟಿಗೆ ಅದನ್ನು ನಾನೇ ಹಾಕಿದೆ — ಒಂದು ಸ್ಟೀಲ್ ಪಾತ್ರೆಗಾಗಿ. ನಿಮ್ಮೆದುರು ಸುಳ್ಳು ಹೇಳಿದೆ. ಆಮೇಲೆ ಇನ್ನೊಂದು ಸುಳ್ಳು ಹೇಳಿದೆ. ಆ ಎರಡನೆಯದನ್ನು ನೆನೆದರೆ ಈಗಲೂ — ಇರಲಿ, ಮೊದಲಿನಿಂದ ಹೇಳುತ್ತೇನೆ.

ನೀವು ಹೋಗಿ ಬಹಳ ವರ್ಷಗಳಾದವು. ಮುಂಬಯಿಯ ಪಾರ್ಲೆಯಲ್ಲಿದ್ದ ಆ ಸಾಲುಮನೆಗಳ ಚಾಳ್ ಕೂಡ ಈಗಿಲ್ಲ. ಆದರೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ನಾನು ಅಲ್ಲಿಯೇ ಇರುತ್ತೇನೆ. ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆಗಳ ನೆರಳು ಗೋಡೆಯ ಮೇಲೆ ನೀರಿನ ಹಾಗೆ ಆಡುತ್ತಿರುತ್ತದೆ. ದೂರದಲ್ಲಿ ಲೋಕಲ್ ರೈಲು ಹೋಗುತ್ತದೆ, ಅದರ ಸದ್ದು ಮುಗಿದ ಮೇಲೆ ಇಡೀ ಚಾಳ್ ನಿದ್ದೆಗೆ ಜಾರುತ್ತದೆ.

ಸ್ವಾತಂತ್ರ್ಯ ಬಂದು ಆರೇಳು ವರ್ಷಗಳಾಗಿದ್ದಾಗ ನಾನು ಮೈಸೂರಿನಿಂದ ಆ ಎರಡು ಕೋಣೆಗಳಿಗೆ ಸೊಸೆಯಾಗಿ ಬಂದೆ. ಅಲ್ಲಿ ಅತ್ತೆ ಇರಲಿಲ್ಲ, ನೀವಿದ್ದಿರಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡ ನಿಮ್ಮನ್ನು, ಕೆಲಸ ಸಿಕ್ಕಿದ ಕೂಡಲೇ ನಿಮ್ಮ ತಮ್ಮ, ನನ್ನವರು, ಮುಂಬಯಿಗೆ ಕರೆತಂದಿದ್ದರು. ನನಗೆ ತರಕಾರಿ ಕೊಳ್ಳುವಷ್ಟು ಮರಾಠಿ ಕಲಿಸಿದವರು ನೀವು. ಲೋಕಲ್ ಹತ್ತುವಾಗ ಕೈ ಹಿಡಿದುಕೊಂಡವರು ನೀವು. ಅಮ್ಮನ ನೆನಪಾಗಿ ಅಳುತ್ತಿದ್ದ ದಿನಗಳಲ್ಲಿ ಏನೂ ಕೇಳದೆ ನನ್ನ ತಲೆ ಬಾಚಿದವರೂ ನೀವೇ. ಅಂಚಿಲ್ಲದ ಬಿಳಿ ಸೀರೆಯಲ್ಲಲ್ಲದೆ ಬೇರೆ ಬಣ್ಣದಲ್ಲಿ ನಿಮ್ಮನ್ನು ಯಾರೂ ಕಂಡವರಿಲ್ಲ.

ಒಂದು ದಿನ ನಾನು ಕಂಡೆ.

ನಾನು ಹೋಗುತ್ತಿದ್ದ ಹೊಲಿಗೆ ಕ್ಲಾಸಿನ ಟೀಚರಿಗೆ ಜ್ವರ ಬಂದಿತ್ತು, ನಾನು ಬೇಗ ಹಿಂದಿರುಗಿದೆ. ಬಾಗಿಲು ಹಾಕಿತ್ತು. ಕಿಟಕಿ ಚೂರು ತೆರೆದಿತ್ತು. ಒಳಗೆ ನೀವು ನಿಮ್ಮ ಧಾರೆಯ ಆ ಕಡುಗೆಂಪು ರೇಷ್ಮೆ ಸೀರೆ ಉಟ್ಟು ಒಲೆಯಿಂದ ಗೋಡೆಯವರೆಗೆ, ಗೋಡೆಯಿಂದ ಒಲೆಯವರೆಗೆ ನಡೆದಾಡುತ್ತಿದ್ದಿರಿ — ನಿಧಾನವಾಗಿ, ಹೊಳೆಯ ನೀರಿನಲ್ಲಿ ಕಾಲಿಟ್ಟು ನಡೆಯುವವರಂತೆ. ಬಾಯಲ್ಲಿ ಏನೋ ಗುನುಗು. ಕನ್ನಡಿಯ ಕಡೆಗೆ ನೀವು ನೋಡಲೂ ಇಲ್ಲ. ಸೆರಗಿನ ಜರಿ ಬಿಸಿಲಿಗೆ ಸಿಕ್ಕಿದಾಗ ಸೂರಿನ ಮೇಲೆಲ್ಲ ಬೆಳಕು ಓಡಾಡಿತು. ನಿಮ್ಮ ಮುಖ — ಅದು ನಾನು ಯಾವತ್ತೂ ನೋಡಿರದ ಒಬ್ಬ ಹುಡುಗಿಯ ಮುಖ.

ನಾನು ಸದ್ದಿಲ್ಲದೆ ಮೆಟ್ಟಿಲಿಳಿದು ಹೋದೆ. ಕ್ಲಾಸು ಬಿಡುವ ಹೊತ್ತಿಗೆ ಹಿಂದಿರುಗಿದಾಗ ನೀವು ಬಿಳಿ ಸೀರೆಯಲ್ಲಿ ಕುಳಿತು ಹುರುಳಿಕಾಯಿ ಹೆಚ್ಚುತ್ತಿದ್ದಿರಿ. ನಾನು ಯಾರಿಗೂ ಹೇಳಲಿಲ್ಲ. ಅದನ್ನು ನನ್ನ ಒಳ್ಳೆಯತನ ಎಂದುಕೊಳ್ಳಬೇಡಿ. ನನಗೆ ಹೆದರಿಕೆಯಾಗಿತ್ತು, ಯಾವುದಕ್ಕೆ ಎಂದು ಕೇಳಿದರೆ —

ಕೆಲವು ತಿಂಗಳ ಮೇಲೆ ನಿಮ್ಮ ತಮ್ಮ ಆಫೀಸಿನ ಸಾಹೇಬರನ್ನೂ ಅವರ ಹೆಂಡತಿಯನ್ನೂ ಊಟಕ್ಕೆ ಕರೆದರು. ನೀವು ಮಾಟುಂಗಾದ ನೆಂಟರ ಮನೆಗೆ ಬಾಣಂತನ ಮಾಡಲು ಹೋಗಿದ್ದಿರಿ. ಅಕ್ಕಪಕ್ಕದ ಮನೆಗಳಲ್ಲೆಲ್ಲ ಆಗ ಸ್ಟೀಲು ಬರುತ್ತಿತ್ತು. ನಮ್ಮದು ಕಲಾಯಿ ಹೋದ ಹಿತ್ತಾಳೆ. ಪಾತ್ರೆಯವಳು ಗ್ಯಾಲರಿಯಲ್ಲಿ ಬುಟ್ಟಿ ಇಳಿಸಿದಳು. ನಾನು ತಂದ ಹಳೇ ಬಟ್ಟೆಗಳನ್ನು ಎರಡು ಬೆರಳಲ್ಲಿ ಮಗುಚಿ ನೋಡಿ ಬದಿಗಿಟ್ಟು, ಜರಿಯದೇನಾದರೂ ಇದೆಯೇ ಎಂದು ಕೇಳಿದಳು:

"ಜರೀ ಕಾ ಕುಛ್ ಹೈ ಕ್ಯಾ, ಬಾಯಿ?"

ನೀವು ಟ್ರಂಕಿಗೆ ಬೀಗ ಹಾಕುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಂದ ಬಚ್ಚಿಡಬೇಕಿತ್ತು?

ಅವಳು ರೇಷ್ಮೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅಂಚನ್ನು ಉಗುರಿನಿಂದ ಕೆರೆದಳು, ಸೆರಗನ್ನು ಮಡಿಸಿ ಅಂಗೈಯಲ್ಲಿ ತೂಗಿದಳು. ಜರಿ ಸುಟ್ಟರೆ ಎಷ್ಟು ಬೆಳ್ಳಿ ಸಿಕ್ಕೀತು ಎಂಬುದಷ್ಟೇ ಅವಳಿಗೆ ಬೇಕಿತ್ತು. ಬೆಲೆ ಕಟ್ಟುವುದು ಅವಳ ಕಸುಬು, ಅವಳ ಮೇಲೆ ತಪ್ಪಿಲ್ಲ. ಆ ಸೀರೆ ನಿಜವಾಗಿ ಏನೆಂದು ಗೊತ್ತಿದ್ದವಳು ಪ್ರಪಂಚದಲ್ಲಿ ನಾನೊಬ್ಬಳೇ. ಗೊತ್ತಿದ್ದೂ ಕೊಟ್ಟೆ. ಮುಚ್ಚಳವಿರುವ ದೊಡ್ಡ ಪಾತ್ರೆಯೊಂದು ಸಿಕ್ಕಿತು. ಅದರಲ್ಲಿ ನನ್ನ ಮುಖ ಕಂಡಿತು — ಸಂತೋಷವಾಯಿತು, ಅತ್ತಿಗೆ. ಚಾಳಿನವರು ಎಂದಾದರೂ ನಿಮ್ಮನ್ನು ಆ ಸೀರೆಯಲ್ಲಿ ನೋಡಿಬಿಟ್ಟರೆ ಏನು ಗತಿ ಎಂಬ ನೆಪವನ್ನು ನಾನು ಹುಡುಕಿಕೊಂಡದ್ದು ಆಮೇಲೆ.

ನೀವು ಬಂದ ಮೇಲೆ ಒಂದು ಬೆಳಿಗ್ಗೆ ಟ್ರಂಕು ತೆರೆದ ಸದ್ದಾಯಿತು. ಬಹಳ ಹೊತ್ತು ಮುಚ್ಚಿದ ಸದ್ದಾಗಲಿಲ್ಲ. ನಾನು ಹಿಟ್ಟು ನಾದುತ್ತ, ತಲೆಯೆತ್ತದೆ ಹೇಳಿದೆ:

"ಆ ಕೆಂಪು ಸೀರೆಗೆ ಹುಳ ಬಿದ್ದಿತ್ತು ಅತ್ತಿಗೆ. ಮುಟ್ಟಿದರೆ ಹರೀತಿತ್ತು. ಎಸೆದುಬಿಟ್ಟೆ."

ನೀವು ಹೊರಬಂದು ಗೂಡಿನ ಮೇಲಿನ ಹೊಸ ಪಾತ್ರೆಯನ್ನು ನೋಡಿದಿರಿ. ಅದನ್ನು ಕೆಳಗಿಳಿಸಿ ಸೆರಗಿನಿಂದ ಒರೆಸಿದಿರಿ.

"ಪಾತ್ರೆ ಚೆನ್ನಾಗಿದೆ ಕಣೇ. ಕಡಿಮೆಗೆ ಸಿಕ್ಕಿತಾ?"

"ಹೂಂ ಅತ್ತಿಗೆ. ಕಡಿಮೆಗೇ ಸಿಕ್ಕಿತು."

"ಈ ಊರಿನ ಹವಕ್ಕೆ ರೇಷ್ಮೆ ನಿಲ್ಲಲ್ಲ ಬಿಡು" ಎಂದಿರಿ. ನನಗೆ ಹೊಳೆಯದ ನೆಪವನ್ನೂ ನೀವೇ ನನ್ನ ಬಾಯಿಗಿಟ್ಟಿರಿ.

ಪಾತ್ರೆಯವಳು ಮತ್ತೆ ಬರುವುದನ್ನೇ ಕಾದಿದ್ದೆ. ಬಂದಾಗ ಪಾತ್ರೆ ಮುಂದೆ ಹಿಡಿದು, ಸೀರೆ ವಾಪಸು ಕೊಡು ಎಂದೆ. ಅವಳು ನನ್ನನ್ನು ಮರುಕದಿಂದ ನೋಡಿದಳು. "ಕಪಡಾ ತೋ ರಾಖ್ ಹೋ ಗಯಾ, ಬಾಯಿ." ಬಟ್ಟೆ ಎಂದೋ ಬೂದಿಯಾಗಿತ್ತು.

ಆಮೇಲೆ ನೀವು ಮಧ್ಯಾಹ್ನಗಳಲ್ಲಿ ಗೋಡೆಗೆ ಮುಖ ಮಾಡಿ ಮಲಗತೊಡಗಿದಿರಿ. ನಿದ್ದೆ ಮಾಡುತ್ತಿರಲಿಲ್ಲ, ನನಗೆ ಗೊತ್ತು. ಕೆಲಸ ಮಾಡುವಾಗ ಗುನುಗುವುದೂ ನಿಂತಿತು. ತಡೆಯಲಾರದೆ ಒಂದು ದಿನ ನನ್ನದೇ ಧಾರೆ ಸೀರೆಯನ್ನು ತೆಗೆದು — ಗಿಳಿಹಸಿರಿನದು — ನಿಮ್ಮ ಚಾಪೆಯ ಮೇಲಿಟ್ಟೆ. ಮಡಿಕೆ ಬಿಚ್ಚಿ ಗಾಳಿಗೆ ಹಾಕಿ ಎಂದು ನಿಮಗೆ ಹೇಳಿ, ನಾನು ಬರುವುದು ಸಂಜೆಯಾಗುತ್ತದೆ ಎಂದೂ ತಿಳಿಸಿ, ಬಾಗಿಲೆಳೆದುಕೊಂಡು ಹೋದೆ.

ಬಂದು ನೋಡಿದರೆ ಸೀರೆ ಇಟ್ಟ ಹಾಗೆಯೇ ಇತ್ತು. ನೀವು ಅದರ ಪಕ್ಕದಲ್ಲಿ ಕುಳಿತಿದ್ದಿರಿ. ನನ್ನನ್ನೇ ನೋಡುತ್ತ ಮೆಲ್ಲನೆ ಕೇಳಿದಿರಿ:

"ಸಾವಿತ್ರೀ, ನೀನು ಯಾವತ್ತಾದರೂ ನೋಡಿದ್ದೆಯಾ?"

ನಿಮ್ಮ ದನಿಯಲ್ಲಿ ಕೋಪವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಅಲ್ಲಿದ್ದದ್ದು ಆಸೆ — ಇದು ನನಗೆ ತಿಳಿದದ್ದು ನಿಮ್ಮ ಆಗಿನ ವಯಸ್ಸನ್ನು ನಾನೂ ದಾಟಿದ ಮೇಲೆ. ಯಾರಾದರೂ ಒಬ್ಬರು ನೋಡಿರಲಿ ಎಂಬ ಆಸೆ. ಹೌದು ಎಂದರೆ ಸೀರೆಯ ಮಾತೂ ಬರುತ್ತದೆ ಎಂದು ಹೆದರಿದೆ.

"ಏನನ್ನ ಅತ್ತಿಗೆ?" ಎಂದೆ. ಅದೇ ನನ್ನ ಎರಡನೆಯ ಸುಳ್ಳು.

ನೀವು ಸಣ್ಣಗೆ ನಕ್ಕಿರಿ. "ಏನಿಲ್ಲ ಬಿಡು" ಎಂದು ಎದ್ದು ಹೋಗಿ ಚಹಾಕ್ಕೆ ನೀರಿಟ್ಟಿರಿ.

ಆಮೇಲೆ ಎಷ್ಟೊಂದು ವರ್ಷ ಜೊತೆಗಿದ್ದೆವು. ನನ್ನ ಮಕ್ಕಳನ್ನು ಎತ್ತಿ ಆಡಿಸಿದಿರಿ, ನನ್ನ ಬಾಣಂತನ ಮಾಡಿದಿರಿ. ನಾವಿಬ್ಬರೇ ಇದ್ದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಬಾಯಿ ತೆರೆದರೆ ಸಾಕಿತ್ತು. ಕೊನೆಯ ಕಾಯಿಲೆಯಲ್ಲಿ ನಿಮ್ಮ ಕಾಲು ಒತ್ತುತ್ತ ಕುಳಿತಾಗಲೂ ಬೇರೆ ಏನೇನೋ ಮಾತಾಡಿದೆ. ಸೀರೆ ಕದ್ದದ್ದಕ್ಕೆ ನೀವು ಎಂದೋ ಕ್ಷಮಿಸಿರಬಹುದು. ಆ ಒಂದು ಪ್ರಶ್ನೆಯ ಜೊತೆ ನಿಮ್ಮನ್ನು ಒಂಟಿಯಾಗಿ ಬಿಟ್ಟದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಉತ್ತರವನ್ನಷ್ಟೇ ಹೇಳುತ್ತೇನೆ, ಕೇಳಲು ನೀವಿಲ್ಲದಿದ್ದರೂ.

ನೋಡಿದ್ದೆ, ಅತ್ತಿಗೆ. ಕಿಟಕಿಯ ಆಚೆ ನಿಂತು ನೋಡಿದ್ದೆ. ನೀವು ಬಹಳ ಚೆಂದ ಕಾಣುತ್ತಿದ್ದಿರಿ.