ತುಪ್ಪದ ಡಬ್ಬಿ

ಇಪ್ಪತ್ತು ಸೀರೆ ಬಿಚ್ಚಿಸಿ, ಸೆರಗು ಹಿಡಿದು ಬೆಳಕಿಗೆ ಒಡ್ಡಿ ನೋಡಿ, ಕೊನೆಗೆ ‘ನಾಳಿ ಬರ್ತೀವ್ರಿ’ ಎಂದು ಎದ್ದು ಹೋಗುವವರ ಎದುರು ನಗುತ್ತಾ ಕೂಡುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಆದರೂ ಗಜೇಂದ್ರಗಡದ ನಮ್ಮ ಅರಿವೆ ಅಂಗಡಿಯಲ್ಲಿ, ಅಣ್ಣನ ಪಕ್ಕ, ಗಾದಿಯ ಮೇಲೆ ನಲವತ್ತು ದಾಟುವವರೆಗೂ ಕೂತೆ. ಕರೆಂಟು ಹೋದಾಗ ಮಾತ್ರ ನನಗೆ ಜೀವ ಬರುತ್ತಿತ್ತು. ಹಿತ್ತಲಿನ ಹಳೆಯ ಡೀಸೆಲ್ ಜನರೇಟರು ಚಾಲೂ ಮಾಡುವ ನೆವದಲ್ಲಿ ಎದ್ದು ಹೋದವನು ಕರೆಂಟು ಬಂದ ಮೇಲೂ ಅಲ್ಲೇ ಕೂತಿರುತ್ತಿದ್ದೆ. ಗಿರಾಕಿಗಿಂತ ಎಂಜಿನ್ ವಾಸಿ. ತನಗೇನು ಬೇಕು ಎಂಬುದನ್ನು ಅದು ನೇರವಾಗಿ ಹೇಳುತ್ತದೆ.

ಅದರ ರಿಪೇರಿಗೆ ಬರುತ್ತಿದ್ದವರು ರೋಣದಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟಿದ್ದ ಒಬ್ಬ ಮೇಸ್ತ್ರಿ, ನನಗಿಂತ ವಯಸ್ಸಿನಲ್ಲಿ ಚಿಕ್ಕವರು. ಒಂದು ದಿನ ಅವರಿಗೆ ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತಾ, ‘ನನಗೂ ಈ ಕೆಲಸ ಕಲಸ್ತೀರೇನ್ರಿ?’ ಎಂದೆ. ಚೇಷ್ಟೆ ಎಂದುಕೊಂಡು ನಕ್ಕರು. ಮುಂದಿನ ವಾರ ಅವರ ಗ್ಯಾರೇಜಿನ ಬಾಗಿಲಲ್ಲಿ ನನ್ನನ್ನು ಕಂಡಾಗ ಆ ನಗು ನಿಂತಿತು. ‘ಕಾಕಾ, ಇಲ್ಲೆ ಗಾದಿ ಇಲ್ರಿ. ನೆಲದ ಮ್ಯಾಲೆ ಮಲಗಬೇಕಾಗ್ತದ’ ಎಂದರು. ನಾನು ಟ್ರ್ಯಾಕ್ಟರಿನ ಕೆಳಗೆ ಮಲಗಿಯೇ ಬಿಟ್ಟೆ. ಅವರು ನನ್ನನ್ನು ಕಾಕಾ ಎನ್ನುತ್ತಿದ್ದರು, ನಾನು ಅವರನ್ನು ಉಸ್ತಾದ್ರು ಎನ್ನುತ್ತಿದ್ದೆ. ಯಾರು ಯಾರಿಗೆ ಮರ್ಯಾದೆ ಕೊಡಬೇಕೆಂದು ತಿಳಿಯದೆ ಇಬ್ಬರೂ ಕೊಡುತ್ತಿದ್ದೆವು.

ಅಣ್ಣ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಹಗುರವಾಗುತ್ತಿತ್ತು. ‘ನಿನ್ನ ಜಾಗಾ ಹಂಗ ಇರ್ತದ. ಸಾಕಾದಾಗ ಬಾ’ ಎಂದ. ಗಡುವು ಹಾಕಿದವಳು ಮನೆಯಾಕೆ. ‘ಹಿಂಗಾರಿ ಬಿತ್ತಗಿ ಮುಗಿಯೂತನಕ ನೋಡ್ತೀನ್ರಿ. ಅಷ್ಟರಾಗ ಒಂದ್ ಎಂಜಿನ್ನಾದ್ರೂ ನೀವೊಬ್ರ ರಿಪೇರಿ ಮಾಡಿದ್ರ ಸರಿ. ಇಲ್ಲಂದ್ರ ಸುಮ್ಮನ ಅಂಗಡಿಗೆ ಹೊಂಟುಬಿಡ್ರಿ.’ ಆಕೆ ಹೇಳಿದ್ದರಲ್ಲಿ ನ್ಯಾಯವಿತ್ತು. ಒಪ್ಪಿಕೊಂಡೆ.

ಗಡುವು ಹಾಕಿದವಳೇ ದಿನಾ ಬೆಳಿಗ್ಗೆ ಬುತ್ತಿಯ ಚೀಲದಲ್ಲಿ ರೊಟ್ಟಿಯ ಜೊತೆ ಹಳೆಯ ಧೋತರದ ತುಂಡುಗಳನ್ನು ಒಗೆದು, ಮಡಚಿ ಇಡುತ್ತಿದ್ದಳು, ನಾನು ಕೈ ಒರೆಸಿಕೊಳ್ಳಲಿ ಎಂದು. ಅವು ಎಷ್ಟು ಮೆತ್ತಗಿದ್ದವೆಂದರೆ ಗ್ರೀಸಿನ ಕೈ ಹಚ್ಚಲು ಮನಸ್ಸಾಗುತ್ತಿರಲಿಲ್ಲ. ಎತ್ತಿಟ್ಟುಕೊಂಡಿದ್ದೆ.

ಬಿತ್ತಿಗೆಯ ದಿನಗಳು ಬಂದವು. ಎರೆಹೊಲದಲ್ಲಿ ಹದ ಕೂತಿತ್ತು. ಅಂಥ ಒಂದು ಬೆಳಿಗ್ಗೆ ಬೆಳವಣಕಿಯ ರೈತರೊಬ್ಬರ ಟ್ರ್ಯಾಕ್ಟರು ಹೊಗೆ ಕಾರುತ್ತಾ ಬಂತು. ಉಸ್ತಾದರು ಬೇರೆ ಕೆಲಸಕ್ಕೆಂದು ನರಗುಂದಕ್ಕೆ ಹೊರಟು ನಿಂತಿದ್ದರು. ಎಂಜಿನ್ನಿನ ಸದ್ದು ಕೇಳಿ, ‘ಕಾಕಾ, ನಾಜಲ್ ಬಿಚ್ಚಿ ತೊಳದು ಹಾಕ್ರಿ. ಇದು ನಿಮ್ಮ ಕೆಲಸ’ ಎಂದು ಹೋಗಿಯೇ ಬಿಟ್ಟರು.

ಎಂಜಿನ್ನಿನೊಳಗೆ ಡೀಸೆಲ್ಲನ್ನು ಸಣ್ಣ ತುಂತುರಾಗಿ ಚಿಮ್ಮಿಸುವ ಭಾಗ ಈ ನಾಜಲ್. ಉಸ್ತಾದರು ಅದನ್ನು ಡೀಸೆಲ್ಲಿನಲ್ಲಿ ತೊಳೆದು ಹಸಿಹಸಿಯಾಗಿಯೇ ಜೋಡಿಸುತ್ತಿದ್ದರು. ಅವಸರದ ಮನುಷ್ಯ ಎಂದುಕೊಂಡಿದ್ದೆ. ನಾನಾದರೋ ಧೂಳು ಕೂತ ಅರಿವೆಯ ಥಾನನ್ನು ಎಂದೂ ಗಿರಾಕಿಯ ಮುಂದೆ ಬಿಚ್ಚಿದವನಲ್ಲ. ಎತ್ತಿಟ್ಟುಕೊಂಡಿದ್ದ ಧೋತರದ ತುಂಡು ತೆಗೆದು ಒಂದೊಂದು ನಾಜಲನ್ನೂ ಫಳಫಳ ಹೊಳೆಯುವಂತೆ ಒರೆಸಿ ಜೋಡಿಸಿದೆ.

ಎಂಜಿನ್ ಚಾಲೂ ಆಯಿತು. ತುಸು ಹೊತ್ತಿಗೆ ಮುಗ್ಗರಿಸಿತು. ಮೊದಲಿಗಿಂತ ಕರಿ ಹೊಗೆ.

ಮಗಳ ಮದುವೆಯ ಜವಳಿಗೆ ನಮ್ಮ ಅಂಗಡಿಗೆ ಬಂದಿದ್ದ ಆ ರೈತರು ನನ್ನನ್ನು ಬಲ್ಲವರು. ‘ಸಾವಕಾರ್ರ, ಹದ ಆರಿ ಹೋಗ್ತದ. ಉಸ್ತಾದ್ರು ಬರೂದು ಸಂಜಿಗೇನ್ರಿ?’ ಎಂದು ಮೆಲ್ಲಗೆ ಕೇಳಿದರು. ನನಗೆ ಗಾದಿಯ ಮೇಲಿನ ಖಾಲಿ ಜಾಗ ಕಣ್ಣಿಗೆ ಕಟ್ಟಿತು. ಹೆದರಿದೆ. ಹೆದರಿದರೆ ನನಗೆ ಸಿಟ್ಟು ಬರುತ್ತದೆ. ಪಾನಾ ನೆಲಕ್ಕೆ ಕುಕ್ಕಿದೆ. ಆಮೇಲೆ ನಾನೇ ಬಗ್ಗಿ ಎತ್ತಿಕೊಂಡೆ.

ಎಂಜಿನ್ ಓಡುತ್ತಿರುವಾಗಲೇ ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುವುದನ್ನು ಉಸ್ತಾದರು ತೋರಿಸಿಕೊಟ್ಟಿದ್ದರು. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅಲ್ಲಿ ರೋಗ. ಮೊದಲನೆಯದು ಸಡಿಲಿಸಿದೆ, ಎಂಜಿನ್ ಕುಗ್ಗಿತು. ಎರಡನೆಯದಕ್ಕೂ ಕುಗ್ಗಿತು. ಮೂರನೆಯದಕ್ಕೆ ಅದರ ಸದ್ದು ಇದ್ದ ಹಾಗೇ ಇತ್ತು. ಆ ನಾಜಲ್ ಬಿಚ್ಚಿ ಬಿಸಿಲಿಗೆ ಹಿಡಿದೆ. ಒಳಗಿನ ಸೂಜಿಯ ತುದಿಯಲ್ಲಿ ಒಂದು ಎಳೆ. ಅರಿವೆಯವನಿಗೆ ಎಳೆಯ ಗುರುತು ಯಾರೂ ಹೇಳಬೇಕಿಲ್ಲ. ನಮ್ಮ ಮನೆಯ ಧೋತರದ್ದೇ.

ಎಲ್ಲವನ್ನೂ ಮತ್ತೆ ಬಿಚ್ಚಿ, ಹೊಸ ಡೀಸೆಲ್ಲಿನಲ್ಲಿ ತೊಳೆದು, ಒರೆಸದೆ, ತೊಟ್ಟಿಕ್ಕುತ್ತಿದ್ದ ಹಾಗೆಯೇ ಜೋಡಿಸಿದೆ. ಎಂಜಿನ್ ಒಂದೇ ಸಮನೆ ಓಡತೊಡಗಿತು. ರೈತರು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು ಟ್ರ್ಯಾಕ್ಟರ್ ಏರಿದರು. ‘ಚಲೋ ಆತ್ರಿ. ಬರ್ತೀನ್ರಿ ಮೇಸ್ತ್ರಿ’ ಎಂದರು. ನನಗಾದ ಖುಷಿಗೆ ಎದುರಿಗೆ ಯಾರೂ ಇಲ್ಲದಿದ್ದರೂ ನಕ್ಕೆ.

ಸಂಜೆ ಉಸ್ತಾದರಿಗೆ ನಡೆದದ್ದೆಲ್ಲ ಹೇಳಿದೆ. ‘ಕಲಿಯೂ ಮುಂದ ಎಲ್ಲಾರೂ ಅಂಗಿಗೆ ಒರಸ್ತಾರ್ರಿ ಕಾಕಾ. ಒಗದ ಧೋತರಕ್ಕ ಒರಸಿದವ್ರು ನೀವೊಬ್ರ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಯಲ್ಲಿ ಆಕೆ ರೊಟ್ಟಿ ಬಡಿಯುತ್ತಿದ್ದಳು. ಅಲ್ಲೇ ಕೂತು ಹೇಳಿದೆ. ಕೈ ನಿಲ್ಲಿಸಿದಳು.

‘ನಾ ಕೊಟ್ಟ ಅರಿವಿಯಿಂದ ಕೆಟ್ಟಿತೇನ್ರಿ?’

‘ಅರಿವಿ ಚಲೋನ ಐತಿ. ಒರಸಬಾರದಿತ್ತು ಅಷ್ಟ.’

‘ಆಮ್ಯಾಲೆ ಸರಿ ಮಾಡಿದವ್ರು ಯಾರು?’

‘ನಾನ.’

ಆಕೆ ಮತ್ತೆ ರೊಟ್ಟಿ ಬಡಿಯತೊಡಗಿದಳು. ಇದು ಗಡುವಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಮರುದಿನ ಬುತ್ತಿಯ ಚೀಲ ಭಾರವಾಗಿತ್ತು. ಧೋತರದ ತುಂಡುಗಳಿರಲಿಲ್ಲ. ಸೂಡಿಯ ತವರಿನಿಂದ ಆಕೆ ತಂದಿದ್ದ, ಇಷ್ಟು ವರ್ಷ ತುಪ್ಪ ಇಡುತ್ತಿದ್ದ ಸ್ಟೀಲಿನ ಡಬ್ಬಿಯಿತ್ತು. ತುಪ್ಪ ಬೇರೆಡೆಗೆ ಬಗ್ಗಿಸಿ, ತಿಕ್ಕಿ ತೊಳೆದು ಒಣಗಿಸಿದ್ದಳು.

‘ಇದರಾಗ ಡೀಸೆಲ್ ಹಾಕಿ ತೊಳಕೋರಿ. ಮುಚ್ಚಳ ಬಿಗಿ ಐತಿ, ಧೂಳ ಬೀಳಂಗಿಲ್ಲ’ ಎಂದಳು.

‘ಡೀಸೆಲ್ ವಾಸನಿ ಹತ್ತಿದ್ರ ಹೋಗಂಗಿಲ್ಲ. ಮತ್ತ ತುಪ್ಪಕ್ಕ ಬರಂಗಿಲ್ಲ ನೋಡು’ ಎಂದೆ.

‘ಗೊತ್ತೈತ್ರಿ’ ಎಂದಳು. ‘ನಡೀರಿ, ಬಸ್ ಹೋಗ್ತದ.’